ನೆವೆನಾಳ ಗೋಣು

ಬಲ್ಗೇರಿಯದ ನಮ್ಮ ಗೋರ್ನಾ ಲಾಕಾದಲ್ಲಿ ಹೌದು ಎನ್ನಬೇಕಾದರೆ ತಲೆಯನ್ನು ಅಡ್ಡಡ್ಡ ಆಡಿಸುತ್ತಾರೆ, ಇಲ್ಲ ಎನ್ನಬೇಕಾದರೆ ಮೇಲೆ ಕೆಳಗೆ. ನೆವೆನಾ ಮಾತ್ರ ಈಗ ಯಾವ ಕಡೆಗೂ ಆಡಿಸುವುದಿಲ್ಲ. ರೊಟ್ಟಿ ಅಂಗಡಿಯಲ್ಲೂ ಬಾಯಿಬಿಟ್ಟೇ ಹೇಳುತ್ತಾಳೆ.

ಬೇಕಾದ ದಿನ ಆ ಬಾಯಿಯನ್ನು ಕಟ್ಟಿಹಾಕಿದ್ದರು. ನೇಯ್ಗೆ ಗಿರಣಿಯ ಶಿಶುವಿಹಾರದಲ್ಲಿ ಅವಳು ಅಡುಗೆಯವಳು. ಕಮ್ಯುನಿಸ್ಟ್ ಸರ್ಕಾರ ಬಿದ್ದು ಗಿರಣಿ ಕುಂಟುತ್ತಿದ್ದ ಕಾಲ. ಹೊಸ ಮಗ್ಗಗಳಿಗೆ ಸಾಲ ಕೊಡುವ ಮೊದಲು ವಿದೇಶಿ ಬ್ಯಾಂಕಿನವರು ನೋಡಲು ಬರುವವರಿದ್ದರು. ಅವರು ದಂಡದ ಖರ್ಚು ಎಂದದ್ದೆಲ್ಲ ಮುಚ್ಚುತ್ತದೆ ಎಂದು ಸುದ್ದಿ. ಶಿಶುವಿಹಾರವೇ ಮುಚ್ಚಿದರೆ ಹೆಂಗಸರು ಮಕ್ಕಳನ್ನು ಎಲ್ಲಿ ಬಿಟ್ಟು ಬರಬೇಕು? ಪಕ್ಕದ ಮನೆಯ ಸ್ತೋಯ್ಮೆಂಕಾಳಿಗೆ ಎರಡು ಚಿಕ್ಕ ಮಕ್ಕಳು, ಗಂಡನಿಲ್ಲ.

ಹಿಂದಿನ ದಿನ ಗಿರಣಿಯ ನಿರ್ದೇಶಕ ಪೆಂಚೆವ್ ಅಡುಗೆಮನೆಗೆ ಬಂದ.

"ನೀನು ಬಾಯಿ ಬಿಟ್ರೆ ಬರೋ ಸಾಲಾನೂ ಓಡಿಹೋಗತ್ತೆ. ತಲೆ ಮಾತ್ರ ಆಡ್ಸು. ಅದೂ ಅವ್ರ ಥರ. ಅವ್ರಿಗೆ ಹೌದು ಅಂದ್ರೆ ಮೇಲೆ ಕೆಳಗೆ."

"ಕೋಲೆಬಸವ ಆಗು ಅಂತೀರಿ."

"ಆಗು. ಮೇವು ಸಿಗತ್ತೆ."

ಬ್ಯಾಂಕಿನ ಅಧಿಕಾರಿ ಅವಳ ಹುರುಳಿಕಾಯಿ ಸಾರು ಚಪ್ಪರಿಸಿ, ತಾನು ಕಲಿತಿದ್ದ ನಾಲ್ಕು ಬಲ್ಗೇರಿಯನ್ ಮಾತಿನಲ್ಲಿ ನೇರವಾಗಿ ಅವಳನ್ನೇ ಕೇಳಿದ: "ಇದು ತಾಯಂದಿರಿಗೆ ಬೇಕಾ?"

ನೆವೆನಾ ಕತ್ತು ನೋಯುವಷ್ಟು ಮೇಲೆ ಕೆಳಗೆ ಆಡಿಸಿದಳು. ಆದರೆ ಆ ಪುಣ್ಯಾತ್ಮ ನಮ್ಮ ಪದ್ಧತಿಯನ್ನು ಓದಿಕೊಂಡೇ ಬಂದಿದ್ದ. ಬೇಡವಂತೆ ಎಂದು ಬರೆದುಕೊಂಡ.

ಬೇಸಿಗೆಗೆ ಮೊದಲೇ ಶಿಶುವಿಹಾರಕ್ಕೆ ಬೀಗ ಬಿತ್ತು. ಮಕ್ಕಳನ್ನು ನೋಡಿಕೊಳ್ಳುವವರಿಲ್ಲದೆ ಸ್ತೋಯ್ಮೆಂಕಾ ಕೆಲಸ ಬಿಟ್ಟಳು. "ನಾನೇನ್ ಮಾಡ್ಲಿ? ನೆವೆನಾನೇ ಬೇಡ ಅಂದ್ಳು" ಎಂದು ಪೆಂಚೆವ್ ಕಂಡವರಿಗೆಲ್ಲ ಹೇಳಿದ. ಗೋಣು ಹಾಕಿ ಮಕ್ಕಳ ಗೋಣು ಮುರಿದವಳು ಎಂದು ಊರು ಆಡಿಕೊಂಡಿತು. ನೆವೆನಾ ಕೂಡ ಹಾಗೆಯೇ ನಂಬಿ ಕೊರಗಿದಳು.

ಆಮೇಲೆ ಆ ಕಟ್ಟಡವನ್ನು ಕವಡೆ ಕಾಸಿಗೆ ಕೊಂಡವನು ಪೆಂಚೆವ್. ಈಗ ಅಲ್ಲಿ ಅವನ ಹೋಟೆಲು.

ಅಂದು ಬ್ಯಾಂಕಿನವರ ದುಭಾಷಿಯಾಗಿದ್ದ ಬಿಲ್ಯಾನಾ ಒಂದು ದಿನ ಬಸ್ ನಿಲ್ದಾಣದಲ್ಲಿ ಸಿಕ್ಕಳು.

"ಚಿಕ್ಕಮ್ಮ, ನೀವ್ಯಾಕೆ ಕೊರಗ್ತೀರಿ? ಶಿಶುವಿಹಾರ ಮುಚ್ತೀನಿ ಅಂತ ಪೆಂಚೆವ್ ಬ್ಯಾಂಕಿನವ್ರ ಹತ್ರ ಮೊದ್ಲೇ ಒಪ್ಕೊಂಡಿದ್ದ. ನಿಮ್ಮನ್ನ ಕೇಳಿದ್ದು ಬರೀ ಶಾಸ್ತ್ರಕ್ಕೆ."

ನೆವೆನಾ ಬಸ್ಸು ಹತ್ತದೆ ನೇರ ಸ್ತೋಯ್ಮೆಂಕಾಳ ಬಾಗಿಲಿಗೆ ಹೋಗಿ, ನಿಂತಲ್ಲೇ ಎಲ್ಲವನ್ನೂ ಹೇಳಿದಳು.

"ಈಗಾದ್ರೂ ನನ್ನ ನಂಬ್ತೀಯೇನೇ?"

ಸ್ತೋಯ್ಮೆಂಕಾ ಅವಳನ್ನೇ ನೋಡಿದಳು. ನಮ್ಮೂರ ರೀತಿಯಲ್ಲೇ, ನಿಧಾನವಾಗಿ, ಮೇಲೆ ಕೆಳಗೆ ತಲೆಯಾಡಿಸಿ ಬಾಗಿಲು ಹಾಕಿಕೊಂಡಳು.