ಅಕ್ಕನ ಎದೆಗೆ ಸೊಪ್ಪು

ಇದನ್ನು ಹೇಳಬೇಕು ಎಂದುಕೊಳ್ಳುತ್ತಲೇ ಎಷ್ಟೋ ವರ್ಷ ಮುಂದೂಡಿದ್ದೇನೆ.

ಚನ್ನಪಟ್ಟಣದ ಬಳಿಯ ನಮ್ಮೂರಿನಲ್ಲಿ ನಾನೂ ಗೋಡೆಯಾಚೆ ಮನೆಯ ಅಕ್ಕನೂ ರೇಷ್ಮೆಹುಳು ಸಾಕುತ್ತಿದ್ದೆವು. ಅಕ್ಕನ ಎದೆ ಇದ್ದಕ್ಕಿದ್ದಂತೆ ಓಟ ಕೀಳುತ್ತಿತ್ತು. ಆಗ ಅಂಗೈಯನ್ನು ಎದೆಯ ಮೇಲಿಟ್ಟು, "ಒಸಿ ನಿಧಾನ ಕಣವ್ವ," ಎಂದು ಅದಕ್ಕೇ ಬುದ್ಧಿ ಹೇಳಿ ನಗುತ್ತಿದ್ದಳು. ರಾಮನಗರದ ಡಾಕ್ಟರು ಕೊಟ್ಟ ಮಾತ್ರೆಯಿಂದ ಓಟ ಹತೋಟಿಗೆ ಬಂತು.

ಹುಳು ಪೊರೆ ಬಿಡುವ ಮುನ್ನ ಅಲುಗದೆ ಕೂರುವುದನ್ನು ನಾವು ಜ್ವರ ಎನ್ನುತ್ತೇವೆ. ಪೊರೆ ಕಳಚಿ ಜ್ವರ ಎದ್ದ ಮೇಲೆಯೇ ಮತ್ತೆ ಹಿಪ್ಪುನೇರಳೆ ಸೊಪ್ಪು. ಎಲ್ಲ ಬಲ್ಲವನಂತೆ ನಾನು ಹೇಳಿದೆ: "ಹುಳ ಸುಮ್ನೆ ಕೂತಾಗ ಸೊಪ್ಪು ನಿಲ್ಲುಸ್ತೀವಿ. ಎದೆ ಸುಮ್ನಾದ್ಮೇಲೆ ಮಾತ್ರೆ ಯಾಕಕ್ಕ?"

ಅಕ್ಕ ನಂಬಿ ನಿಲ್ಲಿಸಿದಳು. ಕೆಲವೇ ದಿನಗಳಲ್ಲಿ ಸೊಪ್ಪಿನ ಹೊರೆ ಸಮೇತ ಹಿತ್ತಲಲ್ಲಿ ಕುಸಿದಳು. ಮಾತ್ರೆ ಬಿಡಿಸಿದ್ದು ಯಾರು ಎಂದು ಡಾಕ್ಟರು ಗದರಿದಾಗ, ನನ್ನತ್ತ ನೋಡದೆ, "ನಾನೇ ಮರ್ತ್‌ಬುಟ್ಟೆ ಸಾರ್," ಎಂದಳು. ಪಕ್ಕದಲ್ಲೇ ನಿಂತಿದ್ದ ನಾನು ಬಾಯಿ ಬಿಡಲಿಲ್ಲ.

ಗುಣವಾಗಿ ಬಂದವಳು ದಿನಾ ಮಾತ್ರೆಯ ಪಟ್ಟಿಯನ್ನು ಗೋಡೆಗೆ ಕುಟ್ಟಿ ಕೂಗುತ್ತಿದ್ದಳು: "ಲೋ ತಮ್ಮ, ಎದೆ ಜ್ವರ ಎದ್ದೈತೆ. ಸೊಪ್ಪು ಹಾಕ್ಲಾ?"

"ಹಾಕಕ್ಕ."

ನಾವಿಬ್ಬರೇ ಬಲ್ಲ ಆ ಮಾತಿಗೆ ಇಬ್ಬರೂ ಬಿದ್ದುಬಿದ್ದು ನಗುತ್ತಿದ್ದೆವು. ಮೊಮ್ಮಗಳ ಮದುವೆಯಲ್ಲಿ ಸೋಬಾನೆ ಹಾಡಿ, ಎಲೆಯಡಿಕೆ ಜಗಿದು, ತುಂಬು ವಯಸ್ಸಿನಲ್ಲಿ ತೀರಿಹೋದಳು.

ಈಗ ನನ್ನ ಎದೆಗೂ ಅದೇ ಓಟ, ನನಗೂ ಮಾತ್ರೆ. ಒಂದು ದಿನವೂ ಬಿಡದೆ ಪಟ್ಟಿಯನ್ನು ಗೋಡೆಗೆ ಕುಟ್ಟಿ ನುಂಗುತ್ತೇನೆ, ನಗು ಬರುತ್ತದೆ. ತಪ್ಪಾಯಿತು ಎಂದು ಮಾತ್ರ ನಾನು ಕೊನೆಯವರೆಗೂ ಹೇಳಲಿಲ್ಲ, ಗೋಡೆಯಾಚೆ ಮನೆಯ ಅಕ್ಕನಿಗೆ.