ವಾಸಿಯಾದವರಿಗೆ ಜಾಗವಿಲ್ಲದ ಮನೆ

ಓಪಲ್ ಸ್ಕ್ಯಾಗ್ಸ್‌ಳ ಕಿವಿಯ ವಿಷಯ ಮೊದಲು ಹೇಳಿಬಿಡುತ್ತೇನೆ. ಎಪ್ಪತ್ತು ದಾಟಿದ ಹೆಂಗಸು. ನನ್ನ ವ್ಯಾನು ಇನ್ನೂ ಹೊಳೆಯ ಸೇತುವೆಯ ಮೇಲಿರುವಾಗಲೇ ಅವಳು ಅಡುಗೆಮನೆಯಲ್ಲಿ ಕೂತು, "ವರ್ಜಿಲ್ ಬಂದ. ಸೋಮಾರಿ, ಎಂಜಿನ್ನಿನ ಬೆಲ್ಟ್ ಕೀರಲಾಡ್ತಿದ್ರೂ ಇನ್ನೂ ಬದಲಾಯಿಸಿಲ್ಲ" ಎನ್ನುತ್ತಾಳೆ. ಚರ್ಚಿನ ಹಿಂದಿನ ಸಾಲಿನಲ್ಲಿ ನಾನು ಗೊರಕೆ ಹೊಡೆದರೆ ಮುಂದಿನ ಸಾಲಿನಿಂದ ತಿರುಗಿ ದುರುಗುಟ್ಟಿ ನೋಡುವವಳು ಅವಳೊಬ್ಬಳೇ. ಆ ಕಿವಿಯೇ ಅವಳ ಕಸುಬಿನ ಬಂಡವಾಳ. ಪಕ್ಕದ ಕೋಣೆಯ ಮಗು ಉಸಿರಾಡುವ ರೀತಿ ಒಂದಿಷ್ಟು ಬದಲಾದರೂ ಸಾಕು, ನಿದ್ದೆಯಿಂದ ಎದ್ದು ಕೂರುತ್ತಾಳೆ.

ಹೆತ್ತವರಿಂದ ಬಿಡಿಸಿ ತಂದ ಮಕ್ಕಳನ್ನು ನಮ್ಮ ಕೌಂಟಿಯವರು, ಅಂದರೆ ಜಿಲ್ಲೆಯ ಸರ್ಕಾರದವರು, ಸಾಕುಮನೆಗಳಲ್ಲಿ ಇಡುತ್ತಾರೆ. ಅವುಗಳಲ್ಲಿ ಕಾಯಿಲೆಯ ಮಕ್ಕಳಿಗೆಂದೇ ಕೆಲವು ಮನೆಗಳು. ಓಪಲ್‌ಳದು ಅಂಥದ್ದು. ಮಗು ಒಳಗೆ ಬರಬೇಕಾದರೆ ಕಾಯಿಲೆ ಇರಬೇಕು. ವಾಸಿಯಾಯಿತೆಂದು ಡಾಕ್ಟರು ಹೇಳಿದ ಮೇಲೆ ಮಾಮೂಲಿ ಸಾಕುಮನೆಗೆ ಹೊರಟುಬಿಡಬೇಕು, ಮಂಚ ಮುಂದಿನ ಕಾಯಿಲೆಗೆ ಖಾಲಿಯಾಗಬೇಕು. ಅಂದರೆ ಓಪಲ್ ಎಷ್ಟು ಚೆನ್ನಾಗಿ ನೋಡಿಕೊಳ್ಳುತ್ತಾಳೋ ಅಷ್ಟು ಬೇಗ ಮಗುವನ್ನು ಕಳೆದುಕೊಳ್ಳುತ್ತಾಳೆ. ಔಷಧಿ ಮರೆತು, ಡಾಕ್ಟರು ಕೊಟ್ಟ ತಾರೀಖು ತಪ್ಪಿಸಿ, ಕಾಯಿಲೆಯನ್ನು ಜೋಪಾನವಾಗಿ ಕಾಪಾಡಿದ್ದರೆ ಅವಳ ಮನೆ ತುಂಬ ಮಕ್ಕಳಿರುತ್ತಿದ್ದರು. ಇಂಥ ನಿಯಮ ಬರೆದವನಿಗೆ ಮಕ್ಕಳಿರಲಿಕ್ಕಿಲ್ಲ ಎಂದು ನಾನು ಬಾಯಿಗೆ ಬಂದಂತೆ ಬೈಯುತ್ತಿದ್ದೆ. ಓಪಲ್ ಬೈಯಲು ಬಿಡುತ್ತಿರಲಿಲ್ಲ.

"ನೀನು ಬೈಕೊಂಡು ಕೂತ್ಕೋ. ಅಷ್ಟೊತ್ತಿಗೆ ಇನ್ನೊಂದು ಮಗು ಮೂಗಿಗೆ ಆಕ್ಸಿಜನ್ ಪೈಪು ಸಿಕ್ಕಿಸ್ಕೊಂಡು ಕೌಂಟಿ ಆಫೀಸಿನ ಸೋಫಾ ಮೇಲೆ ಮಲಗಿರುತ್ತೆ. ಅದಕ್ಕೆ ಮಂಚ ಬೇಡ್ವಾ?"

ಇನ್ನೊಂದು ನಿಯಮ ಕೌಂಟಿಯದಲ್ಲ, ಅವಳದೇ. ಮಕ್ಕಳು ಅವಳನ್ನು ಮಿಸ್ ಓಪಲ್ ಎನ್ನಬೇಕು, ಅಜ್ಜಿ ಎನ್ನಕೂಡದು. "ಹೆಸರಿದೆಯಲ್ಲ, ಹೆಸರು ಹಿಡಿದೇ ಕರೀಲಿ. ಅಜ್ಜಿ ಅಂದ್ಬಿಟ್ರೆ ಇಲ್ಲೇ ಇರ್ತೀವಿ ಅಂತ ಅನ್ನಿಸ್ಬಿಡುತ್ತೆ."

"ಯಾರಿಗೆ? ಮಕ್ಕಳಿಗೋ, ನಿಂಗೋ?" ಎಂದು ಒಮ್ಮೆ ಕೇಳಿದೆ.

"ಬಾಯಿ ಮುಚ್ಕೊಂಡು ಬೀನ್ಸ್ ತಿನ್ನು" ಎಂದಳು.

ನಾನು ಮೊದಲು ಕಲ್ಲಿದ್ದಲ ಲಾರಿ ಓಡಿಸುತ್ತಿದ್ದೆ. ಈಗ ಸರ್ಕಾರಿ ಆರೋಗ್ಯ ಕಾರ್ಡಿನವರನ್ನು ಡಾಕ್ಟರ ಹತ್ತಿರ ಕರೆದೊಯ್ಯುವ ವ್ಯಾನು. ಮನೆ ಬಾಗಿಲಿಂದ ಆಸ್ಪತ್ರೆ ಬಾಗಿಲು, ಆಸ್ಪತ್ರೆ ಬಾಗಿಲಿಂದ ಮನೆ ಬಾಗಿಲು. ನಡುವೆ ಎಲ್ಲಿಯೂ ನಿಲ್ಲಿಸುವಂತಿಲ್ಲ. ಕಲ್ಲಿದ್ದಲಿಗಾದರೆ ವಾಂತಿ ಬರುತ್ತಿರಲಿಲ್ಲ.

ಟ್ರೂಡಿ ಬಂದದ್ದು ಮೇಪಲ್ ಮರದ ಎಲೆ ಉದುರುವ ಕಾಲದಲ್ಲಿ. ಏಳು ವರ್ಷದ ಹುಡುಗಿ, ಕೈಯಲ್ಲಿ ಒಂದು ಪ್ಲಾಸ್ಟಿಕ್ ಚೀಲ, ಎರಡೂ ಕಿವಿಯಲ್ಲಿ ಹತ್ತಿ. ಓಪಲ್‌ಳ ಮನೆ ಅವಳಿಗೆ ಮೂರನೆಯದು. ಮೊದಲೆರಡು ಮನೆಯವರು ಹುಡುಗಿಗೆ ಹಠ, ಕರೆದರೆ ತಿರುಗುವುದಿಲ್ಲ, ಬುದ್ಧಿ ಹೇಳಿದರೆ ಮುಖವನ್ನೇ ದಿಟ್ಟಿಸಿ ನೋಡುತ್ತಾಳೆ ಎಂದು ವಾಪಸು ಕಳಿಸಿದ್ದರು. ಹಠ ಬಿಡಿಸಲು ಕೌಂಟಿ ಅವಳನ್ನು ಮನಸ್ಸಿನ ತಜ್ಞರೊಬ್ಬರ ಹತ್ತಿರವೂ ಕಳಿಸಿತ್ತು. ಅವರು ಮೃದುವಾದ ದನಿಯಲ್ಲಿ ಬಹಳ ಹೊತ್ತು ಮಾತಾಡಿದರಂತೆ. ಕೊನೆಗೆ ಕಿವಿ ಸೋರುತ್ತದೆಂದು ಕ್ಲಿನಿಕ್ಕಿಗೆ ಹೋದಾಗ ಅಲ್ಲಿನ ಡಾಕ್ಟರು ದೀಪ ಬಿಟ್ಟು ನೋಡಿದ್ದಾರೆ: ಎರಡೂ ಕಿವಿತಮಟೆಗಳ ಹಿಂದೆ ಅಂಟಿನಂಥ ನೀರು. ಹುಡುಗಿ ಹುಟ್ಟಿದಾಗಿನಿಂದ ಎನ್ನುವಷ್ಟು ಕಾಲ ನೀರಿನೊಳಗೆ ಮುಳುಗಿ ಕೂತವರ ಹಾಗೆ ಲೋಕವನ್ನು ಕೇಳಿಸಿಕೊಳ್ಳುತ್ತಿದ್ದಳು.

ತಮಟೆಗೆ ಒಂದು ಪುಟ್ಟ ಕೊಳವೆ ಕೂರಿಸಿದರೆ ಮುಗಿಯಿತು, ಮಧ್ಯಾಹ್ನದೊಳಗೆ ಮನೆಗೆ ಬರಬಹುದು. ಕೂರಿಸುವ ತನಕದ ಕಥೆಯೇ ಬೇರೆ. ನಮ್ಮ ಕಾರ್ಡನ್ನು ಒಪ್ಪುವ ಕಿವಿ ಡಾಕ್ಟರು ಇದ್ದದ್ದು ಬೆಟ್ಟದಾಚೆಯ ನಗರದಲ್ಲಿ ಒಬ್ಬರೇ. ಅವರ ಆಸ್ಪತ್ರೆಗೆ ಫೋನು ಮಾಡಿದರೆ, ಕಾಯುತ್ತಿರಿ ಎಂದು ಹೇಳಿ ಹಾಕುವ ಪಿಟೀಲು ಕೇಳಿಸುತ್ತಿತ್ತು. ಓಪಲ್ ಗೋಡೆಯ ಫೋನನ್ನು ಭುಜಕ್ಕೂ ಕೆನ್ನೆಗೂ ಸಿಕ್ಕಿಸಿಕೊಂಡು ಜೋಳದ ರೊಟ್ಟಿಗೆ ಹಿಟ್ಟು ಕಲಸುವಳು, ಬೇಯಿಸುವಳು, ಆರಿಸುವಳು. ಪಿಟೀಲು ನಿಲ್ಲುತ್ತಿರಲಿಲ್ಲ. ಟ್ರೂಡಿಗೆ ಫೋನು ಎಂದರೆ ದೊಡ್ಡವರಿಗೆ ಹಿಡಿಯುವ ಒಂದು ಹುಚ್ಚು: ಕಿವಿಗೆ ಪ್ಲಾಸ್ಟಿಕ್ಕಿನ ತುಂಡು ಒತ್ತಿಕೊಂಡು ಗೋಡೆಯನ್ನು ಬೈಯುವುದು. ಅವಳೂ ಒಮ್ಮೊಮ್ಮೆ ಬಾಳೆಹಣ್ಣನ್ನು ಕಿವಿಗಿಟ್ಟುಕೊಂಡು ಗೋಡೆಯ ಮುಂದೆ ನಿಂತು ಕೈ ಬೀಸಿ ಜಗಳವಾಡುತ್ತಿದ್ದಳು.

ತಾರೀಖು ಸಿಕ್ಕಿತು. ಸಿಕ್ಕಿದ್ದು ರದ್ದಾಯಿತು. ಆಪರೇಷನ್ನಿಗೆ ಹೆತ್ತ ತಾಯಿಯ ಸಹಿ ಬೇಕು. ಓಪಲ್ ಮಗುವಿನ ಹೊಟ್ಟೆಗೆ ಪೈಪಿನಲ್ಲಿ ಹಾಲು ಬಿಡಬಹುದು, ಉಸಿರು ನಿಂತರೆ ಎದೆ ಒತ್ತಬಹುದು. ಸಹಿ ಮಾತ್ರ ಹಾಕುವಂತಿಲ್ಲ. ಟ್ರೂಡಿಯ ವ್ಯವಹಾರ ನೋಡಿಕೊಳ್ಳುತ್ತಿದ್ದ ಕೌಂಟಿಯ ಕೆಲ್ಸಿ ಎಂಬ ಎಳೆ ಹುಡುಗಿ ತಾಯಿಯ ಹಳೆಯ ವಿಳಾಸಕ್ಕೆ ಪತ್ರದ ಮೇಲೆ ಪತ್ರ ಬರೆದು ಕೂತಿದ್ದಳು. ಆ ಮನೆ ಸುಟ್ಟುಹೋಗಿದ್ದದ್ದು ಊರಿಗೆಲ್ಲ ಗೊತ್ತಿತ್ತು.

"ತಾಯಿ ಪಕ್ಕದ ಕೌಂಟೀಲಿ ಮಾತ್ರೆ ಚಟ ಬಿಡಿಸೋ ಮನೇಲಿದಾಳಂತೆ, ಮಿಸ್ ಓಪಲ್" ಎಂದಳು ಕೆಲ್ಸಿ ಕೊನೆಗೆ. "ಆದ್ರೆ ನಾನು ಹೋಗ್ಬೇಕಂದ್ರೆ ಮೇಲಿನೋರ ಅನುಮತಿ ಬೇಕು. ಮುಂದಿನ ತಿಂಗಳು ಕೇಳಿ ನೋಡ್ತೀನಿ."

ಓಪಲ್ ಅವಳಿಂದ ಸಹಿ ಹಾಕಿಸಬೇಕಾದ ಕಾಗದ ಇಸಿದುಕೊಂಡು ನನ್ನ ಕಡೆ ತಿರುಗಿದಳು. "ವರ್ಜಿಲ್, ನಂಗೆ ಗುರುವಾರ ಮಂಡಿ ನೋವು ಬರುತ್ತೆ. ಆ ಊರಿನ ಕ್ಲಿನಿಕ್ಕೇ ಆಗ್ಬೇಕು."

ಚಟ ಬಿಡಿಸುವ ಮನೆ ಆ ಕ್ಲಿನಿಕ್ಕಿನ ಹಿಂಬದಿಗೇ ಇತ್ತು. ನಾನು ನಿಯಮದ ಪ್ರಕಾರ ಕ್ಲಿನಿಕ್ಕಿನ ಬಾಗಿಲಲ್ಲಿ ನಿಲ್ಲಿಸಿದೆ. ಮಂಡಿ ನೋವಿನ ಓಪಲ್ ಬೇಲಿ ದಾಟಿ ಆಚೆ ಹೋದಳು. ಅಂಗಳದ ಬೆಂಚಿನ ಮೇಲೆ ಕೂತಿದ್ದ ತಾಯಿಯನ್ನು ನೋಡಿದರೆ ಅವಳೇ ಯಾರ ಮನೆಯಲ್ಲಾದರೂ ಸಾಕಿಸಿಕೊಳ್ಳಬೇಕಾದ ಹುಡುಗಿಯ ಹಾಗಿದ್ದಳಂತೆ. ಓಪಲ್ ಹೇಳಿದ್ದನ್ನೆಲ್ಲ ಕೇಳಿ, ಓದದೆಯೇ ಸಹಿ ಹಾಕಿದಳು.

"ಕರೆದ್ರೆ ಬರ್ತಿರ್ಲಿಲ್ಲ" ಎಂದಳಂತೆ. "ಕೊಬ್ಬು ಅನ್ಕೊಂಡು ಹೊಡೀತಿದ್ದೆ."

ವ್ಯಾನಿಗೆ ಬಂದು ಇದನ್ನು ಹೇಳಿದ ಓಪಲ್ ಸಹಿಯ ಕಾಗದವನ್ನು ಮಡಿಸಿ ಚೀಲಕ್ಕೆ ಹಾಕಿಕೊಂಡಳು. ನಾನು ದಾರಿಯುದ್ದಕ್ಕೂ ರೇಡಿಯೋ ಹಾಕಲಿಲ್ಲ.

ಆಪರೇಷನ್ನು ಹಿಮ ಬೀಳುವ ಮೊದಲೇ ಆಯಿತು. ಮಂಪರಿನ ಮುಖವಾಡ ಇಡುವಾಗ ಟ್ರೂಡಿ ಕಂಡಾಪಟ್ಟೆ ಹೆದರಿ ನರ್ಸಿನ ಕೈ ಕಚ್ಚಿದಳು, ಎಚ್ಚರವಾದ ಮೇಲೆ ಹೊಟ್ಟೆಯಲ್ಲಿದ್ದದ್ದನ್ನೆಲ್ಲ ಕಕ್ಕಿದಳು. ವಾಪಸು ಬರುವಾಗ ಹಿಂದಿನ ಸೀಟಿನಲ್ಲಿ ಓಪಲ್‌ಳ ತೊಡೆಗೆ ಒರಗಿ ಬಿಳುಚಿಕೊಂಡು ಮಲಗಿದ್ದಳು. ಸೇತುವೆಯ ಹತ್ತಿರ ನಾನು ತಿರುವಿನ ಇಂಡಿಕೇಟರ್ ದೀಪ ಹಾಕಿದೆ. ಹುಡುಗಿ ಥಟ್ಟನೆ ಎದ್ದು ಕೂತಳು.

"ಏನದು? ಟಿಕ್ ಟಿಕ್ ಅಂತ?"

ಆ ವ್ಯಾನನ್ನು ಎಷ್ಟೋ ವರ್ಷದಿಂದ ಓಡಿಸುತ್ತಿರುವ ನನಗೇ ಆ ಸದ್ದು ಮರೆತುಹೋಗಿತ್ತು. ರಸ್ತೆಯಲ್ಲಿ ಯಾರೂ ಬರುತ್ತಿರಲಿಲ್ಲ, ಹೋಗುತ್ತಿರಲಿಲ್ಲ. ಸೇತುವೆಯ ಪಕ್ಕದಲ್ಲಿ ವ್ಯಾನು ನಿಲ್ಲಿಸಿ, ನಿಯಮ ಮುರಿದು, ಟ್ರೂಡಿ ಸಾಕು ಎನ್ನುವ ತನಕ ಟಿಕ್ ಟಿಕ್ ಕೇಳಿಸಿದೆ. ಕನ್ನಡಿಯಲ್ಲಿ ನೋಡಿದರೆ ಓಪಲ್ ಅಳುತ್ತಿದ್ದಳು.

ಆಮೇಲಿನ ವಾರ ಟ್ರೂಡಿಯ ಪಕ್ಕದ ಮಂಚದ ಮಗು ಹೊರಟಿತು. ಹೊಟ್ಟೆಗೆ ಪೈಪು ಹಾಕಿಸಿಕೊಂಡು ಬಂದಿದ್ದ ಕೂಸು ಈಗ ಬಾಯಲ್ಲಿ ಉಣ್ಣಲು ಕಲಿತಿತ್ತು. ಕೆಲ್ಸಿ ಬಂದು ಬಟ್ಟೆ, ಗೊಂಬೆ ಕಾರಿಗೆ ತುಂಬಿಸಿಕೊಂಡಳು. ಓಪಲ್ ಹೊಸ್ತಿಲಲ್ಲಿ ನಿಂತು ಕೈ ಬೀಸಿ, ಒಳಗೆ ಬಂದು, ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆದಳು.

"ಪಾಪು ಯಾಕೆ ಹೋಯ್ತು?" ಎಂದು ಟ್ರೂಡಿ ಕೇಳಿದಳು.

"ವಾಸಿಯಾಯ್ತಲ್ಲ ಪುಟ್ಟಿ, ಅದಕ್ಕೆ."

ಹುಡುಗಿ ಅಂದಿನಿಂದ ಊಟಕ್ಕೆ ಕರೆದರೆ ತಿರುಗುವುದನ್ನು ಬಿಟ್ಟಳು.

ಆಪರೇಷನ್ ಆದವರನ್ನು ಕೂರಿಸಿ ಕಿವಿ ಪರೀಕ್ಷೆ ಮಾಡುವ ದಿನ ಬಂತು. ಗಾಜಿನ ಕಿಟಕಿಯ ಸಣ್ಣ ಕೋಣೆ. ಒಳಗೆ ಮಗು ಹೆಡ್‌ಫೋನ್ ಹಾಕಿಕೊಂಡು ಕೂರುತ್ತದೆ, ಸದ್ದು ಕೇಳಿಸಿದಾಗಲೆಲ್ಲ ಕೈ ಎತ್ತಬೇಕು. ವರ್ಜಿಲ್ ಕೂಡ ಗಾಜಿನ ಕೋಣೆ ನೋಡಬೇಕೆಂದು ಟ್ರೂಡಿ ಹಠ ಹಿಡಿದದ್ದರಿಂದ ನಾನೂ ಆಸ್ಪತ್ರೆಯೊಳಗೆ ಹೋಗಿ ಓಪಲ್‌ಳ ಜೊತೆ ಗಾಜಿನ ಈಚೆ ನಿಂತಿದ್ದೆ. ಪರೀಕ್ಷೆ ಮಾಡುವ ಹೆಂಗಸು ಗುಂಡಿ ಒತ್ತಿದಳು. ಟ್ರೂಡಿ ಎರಡೂ ಕೈಗಳನ್ನು ತೊಡೆಯಡಿಗೆ ಹಾಕಿಕೊಂಡು ಕೂತಿದ್ದಳು. ಆ ಹೆಂಗಸು ಸದ್ದು ಜೋರು ಮಾಡಿದಳು. ಕೈ ಏಳಲಿಲ್ಲ. ಇನ್ನೂ ಜೋರು. ನಮಗೇ ಹೊರಗೆ ಸಣ್ಣಗೆ ಕೇಳಿಸಿತು. ಹುಡುಗಿ ಗೋಡೆಯ ಮೇಲಿನ ಆನೆಯ ಚಿತ್ರ ನೋಡುತ್ತಿದ್ದಳು.

"ವಿಚಿತ್ರವಾಗಿದೆ" ಎಂದಳು ಆ ಹೆಂಗಸು. "ಕೊಳವೆ ಸರಿಯಾಗೇ ಕೂತಿದೆ. ಒಳಗಿನ ನರದ ತೊಂದರೆ ಇರಬಹುದು. ಮತ್ತೆ ಮಂಪರು ಕೊಟ್ಟು ಮಲಗಿಸಿ ಪರೀಕ್ಷೆ ಮಾಡ್ಬೇಕಾಗುತ್ತೆ, ತಲೆ ಸ್ಕ್ಯಾನೂ ಆಗ್ಬೇಕು. ಕಾರಣ ಸಿಗೋ ತನಕ ಮಗು ನಿಮ್ಮಲ್ಲೇ ಇರ್ಬೇಕು ಅಂತ ಬರೆದುಕೊಡ್ತೀನಿ."

ಅವಳು ಡಾಕ್ಟರನ್ನು ಕರೆಯಲು ಹೋದಳು. ನಾನು ಓಪಲ್‌ಳ ತೋಳು ಹಿಡಿದೆ.

"ಸುಮ್ನಿರು. ಅವರೇ ಹೇಳಿದ್ರಲ್ಲ, ನಿಮ್ಮಲ್ಲೇ ಇರ್ಬೇಕು ಅಂತ. ಅವಳಿಗೂ ಅದೇ ಬೇಕು, ನಿಂಗೂ ಅದೇ ಬೇಕು. ಯಾರಪ್ಪನ ಗಂಟು ಹೋಗುತ್ತೆ?"

"ಮತ್ತೆ ಮುಖವಾಡ ಇಡ್ತಾರೆ ವರ್ಜಿಲ್. ಇಲ್ಲದ ಕಾಯಿಲೆಗೆ."

"ಒಂದ್ಸಲ. ಆಮೇಲೆ ಎಷ್ಟೋ ಕಾಲ ನಿನ್ ಜೊತೆ..."

"ಆಮೇಲೆ ಶಾಲೆಯಲ್ಲೂ ಕಿವುಡಿ ಥರ ಕೂರ್ಬೇಕು. ಹಾಡು ಬಂದ್ರೆ ತಲೆ ಆಡಿಸ್ಬಾರ್ದು. ನನ್ನ ಮನೇಲಿ ಇರೋಕೆ ಅಷ್ಟು ಕೊಡ್ಬೇಕಾ ಆ ಮಗು?" ತೋಳು ಬಿಡಿಸಿಕೊಂಡಳು.

ಓಪಲ್ ಗಾಜಿನ ಕೋಣೆಯೊಳಗೆ ಹೋಗಿ, ಟ್ರೂಡಿಯ ಹೆಡ್‌ಫೋನ್ ತೆಗೆದು, ಅವಳಿಗೆ ತನ್ನ ತುಟಿ ಕಾಣದ ಹಾಗೆ ಹಿಂದೆ ಕುರ್ಚಿ ಎಳೆದುಕೊಂಡು ಕೂತಳು. ಒಳಗಿನ ಮೈಕು ತೆರೆದೇ ಇತ್ತು. ಅವಳ ಪಿಸುದನಿ ನನ್ನ ಪಕ್ಕದ ಸ್ಪೀಕರಿನಲ್ಲಿ ಬಂತು.

"ಟ್ರೂಡಿ, ನಿಂಗೆ ಕೇಳಿಸ್ತಿದೆ ಅಂತ ನಂಗೆ ಗೊತ್ತು ಕಣೇ. ಬಿಸ್ಕೆಟ್ ಡಬ್ಬದ ಮುಚ್ಚಳ ತೆಗೆದ್ರೆ ಮಹಡಿಯಿಂದ ಓಡಿ ಬರ್ತೀಯ."

ಹುಡುಗಿ ಅಲ್ಲಾಡಲಿಲ್ಲ.

"ನೀನು ಹೋಗ್ಲಿ ಅಂತ ನಾನು ಆಪರೇಷನ್ ಮಾಡಿಸ್ಲಿಲ್ಲ. ನೀನು ಹೋಗ್ತೀಯ ಅಂತ ಗೊತ್ತಿದ್ದೂ ಮಾಡಿಸ್ದೆ. ನಂಗೂ ಬೇಜಾರಾಗುತ್ತೆ. ತುಂಬಾ ಆಗುತ್ತೆ. ಆದ್ರೆ ಕೇಳಿಸೋರು ಫೋನ್ ಮಾಡಬಹುದು. ಬಾಳೆಹಣ್ಣಲ್ಲ, ನಿಜವಾದ ಫೋನು. ಗೋಡೆ ಒಳಗಿಂದ ನಾನೇ ಮಾತಾಡ್ತೀನಿ. ಕೈ ಎತ್ತು ಮಗಳೇ."

ಮೊದಲು ಭುಜ ಕುಲುಕಲು ಶುರುವಾಯಿತು. ಆಮೇಲೆ ತೊಡೆಯಡಿಯಿಂದ ಕೈ ಹೊರಗೆ ಬಂತು. ಟೀಚರು ಪ್ರಶ್ನೆ ಕೇಳಿದಾಗ ಉತ್ತರ ಗೊತ್ತಿದ್ದೂ ಹೇಳಲು ಮನಸ್ಸಿಲ್ಲದ ಮಕ್ಕಳು ಎತ್ತುವಂತೆ, ಅರ್ಧಕ್ಕೆ ಎತ್ತಿದಳು. ಅಷ್ಟರಲ್ಲಿ ಒಳಬಂದ ಪರೀಕ್ಷೆಯ ಹೆಂಗಸು, "ಓ! ಕೇಳಿಸ್ತಿದೆ!" ಎಂದು ಸಂಭ್ರಮದಿಂದ ಚಪ್ಪಾಳೆ ತಟ್ಟಿದಳು. ಆ ಚಪ್ಪಾಳೆ ಮುಗಿಯುವ ಮೊದಲೇ ನಾನು ವ್ಯಾನು ತರಲು ಹೊರಟೆ.

ಟ್ರೂಡಿ ಈಗ ಹೊಳೆಯ ಕೆಳಗಿನ ಊರಿನಲ್ಲಿ, ಎರಡು ನಾಯಿಗಳಿರುವ ಒಂದು ಮನೆಯಲ್ಲಿದ್ದಾಳೆ. ಒಳ್ಳೆಯವರೇ. ತಾಯಿ ವಾರ ತಪ್ಪದೆ ಬಂದು ನೋಡುತ್ತಾಳಂತೆ, ಮೆಲ್ಲಗೆ ಮಾತಾಡುತ್ತಾಳಂತೆ. ಓಪಲ್‌ಳ ಮಂಚದಲ್ಲಿ ಈಗ ಹೃದಯದಲ್ಲಿ ತೂತಿರುವ ಒಂದು ಕೂಸು ಮಲಗಿದೆ. ಅದರ ಡಾಕ್ಟರಿಗೆ ಫೋನು ಮಾಡಿದರೂ ಅದೇ ಪಿಟೀಲು.

ಭಾನುವಾರ ಚರ್ಚು ಮುಗಿಸಿ ನಾನು ಓಪಲ್‌ಳ ಮನೆಗೆ ಊಟಕ್ಕೆ ಹೋಗುತ್ತೇನೆ. ಮೊನ್ನೆ ಹೋದಾಗ ಬಾಗಿಲಲ್ಲೇ, "ಈಗ ಬ್ರೇಕೂ ಕಿರುಗುಟ್ತಿದೆ, ಸೇತುವೆಯಿಂದಲೇ ಕೇಳಿಸ್ತು" ಎಂದು ಮೂಗು ಮುರಿದಳು. ಇಬ್ಬರೂ ತಟ್ಟೆಯ ಮುಂದೆ ಕೂರುವ ಹೊತ್ತಿಗೆ ಗೋಡೆಯ ಫೋನು ಬಡಿದುಕೊಂಡಿತು. ಆ ತುದಿಯ ದನಿ ಎಷ್ಟು ಜೋರಾಗಿತ್ತೆಂದರೆ ಮೇಜಿನ ಈಚೆ ಕೂತ ನನಗೂ ಚೆನ್ನಾಗಿ ಕೇಳಿಸಿತು.

"ಅಜ್ಜೀ! ನಾನು!"

ಓಪಲ್ ಗೋಡೆಗೆ ಹಣೆ ಹಚ್ಚಿ ನಿಂತಳು. "ಏನಂದೆ ಪುಟ್ಟಿ? ಸರಿಯಾಗಿ ಕೇಳಿಸ್ಲಿಲ್ಲ."

"ಅಜ್ಜೀ ಅಂದೆ!"

"ಏನೋ ಗೊರಗೊರ ಅಂತಿದೆ ಫೋನು. ಏನಂತ ಕರೆದೆ?"

"ಅಜ್ಜೀ ಅಂತ! ನಿಂಗೆ ಕಿವಿ ಕೇಳಿಸಲ್ವಾ? ವರ್ಜಿಲ್‌ಗೆ ಹೇಳು, ಡಾಕ್ಟರ ಹತ್ರ ಕರ್ಕೊಂಡೋಗ್ತಾನೆ!"

ನಾನು ಬಾಯಿ ತೆರೆಯುವಷ್ಟರಲ್ಲಿ ಓಪಲ್ ಹಿಂದಕ್ಕೆ ಕೈ ಬೀಸಿ ಸುಮ್ಮನಿರೆಂದಳು. ನಾನು ತಟ್ಟೆ ನೋಡಿಕೊಂಡು ಬೀನ್ಸ್ ತಿಂದೆ.

"ಆಗ್ಲಿ, ಹೋಗ್ತೀನಿ" ಎಂದಳು ಫೋನಿಗೆ. "ಅದಿರ್ಲಿ, ಆಗ್ಲೇ ಏನೋ ಅಂದ್ಯಲ್ಲ, ಅದನ್ನ ಇನ್ನೊಂದ್ಸಲ ಹೇಳು."