ಬಾದಾಮಿಯಷ್ಟು ಭಯ

ಕಳೆದ ತಿಂಗಳು ಪೀಣ್ಯದ ನಮ್ಮ ಶೆಡ್‌ನಲ್ಲಿ ಲೇತ್ ಮೆಷಿನ್‌ನ ಎರಡು ಒಳ್ಳೆಯ ಬೆಲ್ಟ್‌ಗಳನ್ನು ಕಿತ್ತು ಬಿಸಾಡಿದೆ.

ಕಾರಣ, ರಬ್ಬರ್ ಸುಟ್ಟ ವಾಸನೆ. ಲೇತ್ ಇಟ್ಟುಕೊಂಡವರಿಗೆ ಇದಕ್ಕಿಂತ ದೊಡ್ಡ ಸೈರನ್ ಬೇಕೇ? ಜೊತೆಗೇ ಹೊಟ್ಟೆಯಿಂದ ಎದೆಗೆ ಏರುವ ಭಯ. (ಮೋಟಾರ್ ಸುಟ್ಟರೆ ಯಾರಿಗೆ ತಾನೇ ಸಂತೋಷ?) ಅರ್ಧ ನಿಮಿಷ, ಅಷ್ಟೇ. ಆಮೇಲೆ ವಾಸನೆಯೂ ಇಲ್ಲ, ಭಯವೂ ಇಲ್ಲ.

ಮೂರನೇ ಬೆಲ್ಟ್‌ಗೆ ಕೈ ಹಾಕಿದಾಗ ನಮ್ಮ ಆಪರೇಟರ್ ಶರಣಪ್ಪ ಅಡ್ಡ ನಿಂತ. ಯಾದಗಿರಿ ಕಡೆಯವನು.

"ಸಾಹೇಬ್ರ, ಬೆಲ್ಟ್ ಹೊಸಾದ್ ಐತ್ರಿ. ವಾಸನಿ ಎಲ್ಲೂ ಇಲ್ರಿ."

"ನಿನ್ನ ಮೂಗಿಗೆ ಗುಟ್ಕಾ ಬಿಟ್ರೆ ಇನ್ನೇನೋ ಗೊತ್ತಾಗುತ್ತೆ?"

"ಗುಟ್ಕಾ ಬಿಟ್ಟು ವರ್ಷಾತ್ರಿ. ನಿಮಗ ಏನೋ ಆಗೈತಿ. ಕಣ್ಣು ನಿಂತಬಿಡ್ತಾವ, ಕರದ್ರ ಓ ಅನ್ನಂಗಿಲ್ಲ, ಬಾಯಿ ಚಪ್ಪರಿಸ್ತೀರಿ. ನಿನ್ನೆ ತಿರಗೋ ಚಕ್‌ಗೆ ಕೈ ಕೊಡಾಕ ಹೊಂಟಿದ್ರಿ. ನಾನ ಹಿಡದು ಜಗ್ಗೀನಿ."

ನನಗೆ ಅದು ನೆನಪೇ ಇರಲಿಲ್ಲ! ನನ್ನದೇ ಕೈ, ನನ್ನದೇ ಮೆಷಿನ್. ಆ ಕ್ಷಣ ಬಂದದ್ದು ನಿಜವಾದ ಭಯ. ಮೆದುಳಲ್ಲಿ ಗೆಡ್ಡೆ ಎಂದೇ ತೀರ್ಮಾನಿಸಿ, ಶರಣಪ್ಪನನ್ನೂ ಕರೆದುಕೊಂಡು ಆಸ್ಪತ್ರೆಗೆ ಓಡಿದೆ.

ಎರಡು ಪರೀಕ್ಷೆ ಮಾಡಿಸಿದ ನರರೋಗದ ಡಾಕ್ಟರಮ್ಮ ಮೊದಲ ಮಾತಿಗೇ ಹೇಳಿದರು. "ಗೆಡ್ಡೆ ಇಲ್ಲ ಸರ್. ಇದೊಂಥರಾ ಫಿಟ್ಸ್."

"ಫಿಟ್ಸ್ ಅಂದ್ರೆ ಬಿದ್ದು ಒದ್ದಾಡ್ಬೇಕಲ್ವಾ ಮೇಡಂ?"

"ಎಲ್ರೂ ಬೀಳಲ್ಲ."

ಸ್ಕ್ರೀನ್ ಮೇಲಿದ್ದ ನನ್ನ ಮೆದುಳಿನ ಚಿತ್ರದಲ್ಲಿ ಒಂದು ಸಣ್ಣ ಭಾಗಕ್ಕೆ ಪೆನ್ನಿಟ್ಟು ತೋರಿಸಿದರು. ಅದರ ಹೆಸರು ಅಮಿಗ್ಡಲ. ಬಾದಾಮಿಯಷ್ಟು ಗಾತ್ರ, ಹೆಚ್ಚುಕಡಿಮೆ ಅದೇ ಆಕಾರ. ಎಡಕ್ಕೊಂದು, ಬಲಕ್ಕೊಂದು, ಕಪಾಲದ ಆಳದಲ್ಲಿ ಅಡಗಿ ಕೂತಿವೆ. ಅದರ ಬೆನ್ನಿಗೇ ನೆನಪು ದಾಖಲಿಸುವ ಭಾಗ. ಮೂಗಿನಿಂದ ಬರುವ ವಾಸನೆಯ ದಾರಿಯೂ ಅಲ್ಲಿಗೇ ಸೇರುತ್ತದೆ. ಇಷ್ಟು ಸಣ್ಣ ಕಾಯಿಯೊಳಗೆ ಹಲವು ವಿಭಾಗಗಳು ಬೇರೆ. ಒಂದರಲ್ಲಿ ಸುದ್ದಿ ಒಳಗೆ ಬರುತ್ತದೆ, ಇನ್ನೊಂದರಿಂದ 'ಎದೆಯೇ ಬಡಿ, ಮೈಯೇ ಬೆವರು' ಎಂದು ಆರ್ಡರ್ ಹೊರಡುತ್ತದೆ. (ಇನ್‌ವರ್ಡ್ ಗೇಟ್, ಔಟ್‌ವರ್ಡ್ ಗೇಟ್. ಪೀಣ್ಯದವನಿಗೆ ಹೊಸದಾಗಿ ಹೇಳಬೇಕೇ?) ನನ್ನ ಬಲಗಡೆಯ ಬಾದಾಮಿಯ ಬಳಿ ಕರೆಂಟ್ ಆಗಾಗ ಹಳಿ ತಪ್ಪುತ್ತದಂತೆ. ಎಲ್ಲ ಅಕ್ಕಪಕ್ಕದಲ್ಲೇ ಇರುವುದರಿಂದ ವಾಸನೆ, ಭಯ, ಮರೆವು ಒಂದೇ ಏಟಿಗೆ.

"ಮಾತ್ರೆ ತಪ್ಪಿಸ್ಬೇಡಿ. ಗಾಡಿ, ಮೆಷಿನ್ ಎರಡೂ ಮುಟ್ಬೇಡಿ, ನಾನು ಹೇಳೋವರ್ಗೂ."

"ಬೈಕ್ ಬೇಡ ಮೇಡಂ, ಒಪ್ಕೊಂಡೆ. ಕಾರು?"

"ಇಲ್ಲಿ ಡಿಸ್ಕೌಂಟ್ ಇಲ್ಲ ಸರ್."

ಗೆಡ್ಡೆ ಇಲ್ಲವಲ್ಲ! ಜೀವನದಲ್ಲಿ ಚೌಕಾಸಿಯಲ್ಲಿ ಸೋತು ಇಷ್ಟು ಖುಷಿಪಟ್ಟಿದ್ದು ಇದೇ ಮೊದಲು. ಆಸ್ಪತ್ರೆ ಕ್ಯಾಂಟೀನ್‌ನಲ್ಲಿ ಎರಡು ಮಸಾಲೆ ದೋಸೆ ತಿಂದೆ. ಮೂರು ವಾರವಾಯಿತು, ವಾಸನೆ ಮತ್ತೆ ಬಂದಿಲ್ಲ.

ಬಿಟ್ಟಿ ಸಲಹೆ ಕೊಡದೆ ಬಿಡುವವನಲ್ಲ ನಾನು. ಕಾರಣವೇ ಇಲ್ಲದೆ ಅದೇ ಭಯ, ಅದೇ ರೀತಿಯಲ್ಲಿ, ಮತ್ತೆ ಮತ್ತೆ ಬಂದರೆ ಡಾಕ್ಟರಿಗೆ ತೋರಿಸಿ. ಹೋಗುವಾಗ ನಿಮ್ಮನ್ನು ಆ ಸ್ಥಿತಿಯಲ್ಲಿ ಕಂಡವರನ್ನೂ ಕರೆದೊಯ್ಯಿರಿ. ಡಾಕ್ಟರಮ್ಮ ನನಗಿಂತ ಹೆಚ್ಚು ಪ್ರಶ್ನೆ ಕೇಳಿದ್ದು ಶರಣಪ್ಪನಿಗೆ. ಆ ಅರ್ಧ ನಿಮಿಷ ನಾನು ಹೇಗಿದ್ದೆ ಎಂದು ನನಗೇನು ಗೊತ್ತು?

ಅವನು ಅಷ್ಟು ದಿನ ಸುಮ್ಮನಿದ್ದುದೇಕೆ ಎಂದು ಆಸ್ಪತ್ರೆಯಿಂದ ಬರುವಾಗ ಕೇಳಿದೆ. "ಬೈತೀರಂತ ಅಂಜಿಕಿರಿ" ಎಂದ.

ಸ್ವಾಮಿ, ನಿಮ್ಮ ಮುಖಕ್ಕೇ ನಿಜ ಹೇಳುವ ಧೈರ್ಯವನ್ನು ನಿಮ್ಮ ಕೈಕೆಳಗಿನ ಒಬ್ಬರಲ್ಲಾದರೂ ಉಳಿಸಿದ್ದೀರಾ?